"ನಾಯಿಗೆ ಕೂಳು ಹಾಕಂಗಿಲ್ಲೇನು?" ಅನ್ನುವವರಿಗೆ ಏನು ಹೇಳಬೇಕು?

ಜಮಖಂಡಿಯಿಂದ ಬರೆದಿದ್ದೀರಿ. ಮನೆಯಲ್ಲಿ ಒಂದೂವರೆ ವರ್ಷದ ಮುಧೋಳ ಹೆಣ್ಣು ನಾಯಿ ಇದೆ, ಹೊರಗೆ ಕರೆದುಕೊಂಡು ಹೋದರೆ ಸಾಕು, ಓಣಿಯವರು "ಉಪವಾಸ ಕೆಡವ್ಯಾರ" ಅನ್ನುತ್ತಾರೆ, "ಕಂತ್ರಿ ನಾಯಿಗೆ ಇಷ್ಟ್ಯಾಕ ಆರೈಕಿ" ಅನ್ನುತ್ತಾರೆ, ಯಜಮಾನರ ಸೋದರಮಾವ ಅದಕ್ಕಿಂತ ಕೆಟ್ಟದ್ದು ಅನ್ನುತ್ತಾರೆ. ಇವರಿಗೆಲ್ಲ ಹೇಗೆ ಉತ್ತರ ಕೊಡುವುದು ಅಂತ ಕೇಳಿದ್ದೀರಿ.

ಎಲ್ಲರಿಗೂ ಕೊಡಬೇಡಿ. ಅವರ ಮಾತಿನಿಂದ ನಾಯಿಗೆ ತೊಂದರೆ ಆಗುವಂತಿದ್ದರೆ ನಿಂತು ಉತ್ತರ ಕೊಡಿ, ಇಲ್ಲದಿದ್ದರೆ ಮುಂದೆ ನಡೆಯಿರಿ. ಸಿಟ್ಟು ಬಂತು ಅಂತ ಬಾಯಿ ತೆರೆಯಬೇಡಿ, ಸಿಟ್ಟು ದಿನಾ ಬರುತ್ತದೆ.

ನಾನು ವಿಜಯಪುರದವಳು. ನಮ್ಮ ಚಿಗರಿಯೂ ಮುಧೋಳ ತಳಿಯೇ. ಬೆಳಿಗ್ಗೆ ಬಾರಾ ಕಮಾನ್ ಕಡೆ ಕರೆದುಕೊಂಡು ಹೋಗುತ್ತೇನೆ, ಕಾಯಿಪಲ್ಲೆ ಮಾರುವ ಅಜ್ಜಿಯಿಂದ ಹಿಡಿದು ಬೈಕ್ ನಿಲ್ಲಿಸಿ ನೋಡುವ ಹುಡುಗರವರೆಗೆ ಎಲ್ಲರದೂ ಒಂದೇ ಮಾತು: "ಏನವ್ವಾ, ನಾಯಿಗೆ ಕೂಳು ಹಾಕಂಗಿಲ್ಲೇನು? ಎಲುಬು ಎಣಿಸಬಹುದಲ್ಲ!" ಅಜ್ಜಿ ಕೇಳುವುದು ಕರುಣೆಯಿಂದ. ಹುಡುಗರು ಕೇಳುವುದು ಚೇಷ್ಟೆಗೆ. ಇಬ್ಬರ ಮಾತೂ ಒಂದೇ ಇದ್ದರೂ ಇಬ್ಬರಿಗೂ ಒಂದೇ ಉತ್ತರ ಕೊಡಬೇಕಾಗಿಲ್ಲ, ಅಲ್ವಾ?

ಆದರೆ ಅದಕ್ಕೂ ಮೊದಲು ಒಂದು ಕೆಲಸ ಇದೆ. ನಿಮ್ಮ ನಾಯಿ ನಿಜವಾಗಿಯೂ ಚೆನ್ನಾಗಿದೆಯಾ ಅಂತ ನೀವೇ ಕೈಯಿಟ್ಟು ನೋಡಿ. ಮುಧೋಳ ನಾಯಿ ಕಣ್ಣಿನಿಂದ ಬೇಟೆ ಹುಡುಕಿ ಓಡಿ ಹಿಡಿಯುವ ತಳಿ. ಎದೆ ಆಳ, ಹೊಟ್ಟೆ ಒಳಗೆ ಎಳೆದುಕೊಂಡಿರುತ್ತದೆ, ಚರ್ಮ ತೆಳು, ಕೊಬ್ಬು ಬಹಳ ಕಡಿಮೆ. ಹಾಗಾಗಿ ಕೊನೆಯ ಎರಡು ಮೂರು ಪಕ್ಕೆಲುಬು ಕಾಣುವುದು, ಸೊಂಟದ ಮೂಳೆ ಸ್ವಲ್ಪ ಎದ್ದಿರುವುದು ಸಹಜ. ನೋಡಬೇಕಾದದ್ದು ತೊಡೆ. ತೊಡೆ ತುಂಬಿ ಗಟ್ಟಿಯಾಗಿದ್ದರೆ, ಬೆನ್ನಿನ ಎರಡೂ ಕಡೆ ಕೈಗೆ ಮಾಂಸ ಸಿಕ್ಕರೆ, ಕೂದಲು ಹೊಳೆಯುತ್ತಿದ್ದರೆ ಯಾರ ಮಾತಿಗೂ ಹೆದರಬೇಡಿ. ತೊಡೆ ಸೊರಗಿದ್ದರೆ, ಎಲ್ಲ ಪಕ್ಕೆಲುಬೂ ಒಂದೊಂದಾಗಿ ಕಂಡರೆ, ಬೆನ್ನುಮೂಳೆ ಚೂಪಾಗಿ ಎದ್ದಿದ್ದರೆ ಆಗ ಓಣಿಯವರು ಹೇಳಿದ್ದು ಸರಿ, ಹೊಟ್ಟೆಹುಳದ ಔಷಧಿ ಕೊಡಿಸಿ ಎಷ್ಟು ದಿನ ಆಗಿದೆ ಅಂತ ನೋಡಿ ಪಶು ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಬರೀ ಜೋಳದ ರೊಟ್ಟಿ, ಹಾಲಿನ ಮೇಲೆ ಸಾಕುತ್ತಿದ್ದರೆ ತತ್ತಿ, ಮಾಂಸ ಸೇರಿಸಿ. ನಮ್ಮ ಕಡೆ ರೊಟ್ಟಿ ಹಾಲಿನಲ್ಲೇ ಬೆಳೆದ ನಾಯಿಗಳು ಬೇಕಾದಷ್ಟಿವೆ ನಿಜ, ಆದರೆ ಓಡುವ ನಾಯಿಗೆ ಅಷ್ಟೇ ಸಾಲುವುದಿಲ್ಲ.

ಇದನ್ನು ಮೊದಲು ಹೇಳಿದ್ದಕ್ಕೆ ಕಾರಣ ಇದೆ. ನಿಮ್ಮ ನಾಯಿ ಆರೋಗ್ಯವಾಗಿದೆ ಅಂತ ನಿಮಗೇ ಗಟ್ಟಿಯಾಗಿ ಗೊತ್ತಿದ್ದರೆ ಅರ್ಧ ಮಾತು ಚುಚ್ಚುವುದೇ ಇಲ್ಲ. ಜನರ ಬಾಯಿ ಮುಚ್ಚಿಸಲು ನಾಯಿಯನ್ನು ದಪ್ಪ ಮಾಡಲು ಮಾತ್ರ ಹೋಗಬೇಡಿ. ನಾನು ಕಣ್ಣಾರೆ ಕಂಡಿದ್ದೇನೆ, ನೆಂಟರು ಅಂದರು ಅಂತ ಬೆಲ್ಲ, ಬಿಸ್ಕತ್ತು, ತುಪ್ಪದ ಅನ್ನ ತಿನ್ನಿಸಿ ಮುಧೋಳ ನಾಯಿಯನ್ನು ಏದುಸಿರು ಬಿಡುವ ಹಾಗೆ ಮಾಡಿದವರನ್ನು. ಆ ತೆಳ್ಳಗಿನ ಕಾಲಿಗೆ ಆ ಭಾರ ಹೊರೆಯಾಗುತ್ತದೆ, ಕೀಲು ಹಾಳಾಗುತ್ತದೆ.

ಅಜ್ಜಿಯಂಥವರಿಗೆ ನಾನು ಹೇಳುವುದು ಇಷ್ಟೇ: "ಅಜ್ಜಿ, ಇದು ಓಡೂ ನಾಯಿ. ಓಟದ ಹುಡುಗನ ಮೈ ಗರಡಿಮನಿ ಪೈಲ್ವಾನನಂಗ ಇರತೈತೇನು?" ನಮ್ಮ ಸೀಮೆಯಲ್ಲಿ ಕುಸ್ತಿ ಗೊತ್ತಿಲ್ಲದವರು ಯಾರು, ತಕ್ಷಣ ಅರ್ಥವಾಗುತ್ತದೆ. ಈಗ ಆ ಅಜ್ಜಿಯೇ ಬೇರೆಯವರಿಗೆ ಹೇಳುತ್ತಾರೆ. ಚೇಷ್ಟೆಯ ಹುಡುಗರಿಗೆ ಏನೂ ಹೇಳುವುದಿಲ್ಲ, ಅವರಿಗೆ ಬೇಕಾಗಿರುವುದು ನನ್ನ ಉತ್ತರ ಅಲ್ಲ, ನನ್ನ ಸಿಟ್ಟು.

"ಕಂತ್ರಿ" ಅನ್ನುವ ವಿಷಯಕ್ಕೆ ಬರುತ್ತೇನೆ. ಮುಧೋಳದ ರಾಜ ಮಾಲೋಜಿರಾವ್ ಘೋರ್ಪಡೆ ಈ ತಳಿಯನ್ನು ಉಳಿಸಿ ಬೆಳೆಸಿದವರು. 2005ರ ಜನವರಿಯಲ್ಲಿ ಅಂಚೆ ಇಲಾಖೆ ನಾಲ್ಕು ದೇಶಿ ತಳಿಗಳ ಚೀಟಿ ತಂದಾಗ ಅದರಲ್ಲಿ ಮುಧೋಳವೂ ಇತ್ತು. ನಿಮ್ಮ ಪಕ್ಕದ ತಾಲೂಕಿನ ತಿಮ್ಮಾಪುರದಲ್ಲೇ ಬೀದರಿನ ಪಶು ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಇದೆ, ಸೈನ್ಯದವರೂ ಮರಿಗಳನ್ನು ತರಬೇತಿಗೆ ತೆಗೆದುಕೊಂಡು ಹೋಗಿದ್ದಾರೆ. ಇಷ್ಟನ್ನೂ ಹೇಳಬಹುದು, ಕೇಳುವ ಆಸಕ್ತಿ ಇರುವವರಿಗೆ ನಾನೂ ಖುಷಿಯಿಂದ ಹೇಳುತ್ತೇನೆ. ಆದರೆ ಹೀಯಾಳಿಸಿದವರಿಗೆ ಉತ್ತರವಾಗಿ ಹೇಳುವುದಿಲ್ಲ. ಯಾಕೆಂದರೆ ರಾಜರು ಸಾಕಿದ್ದಕ್ಕೆ, ಚೀಟಿ ಮೇಲೆ ಬಂದಿದ್ದಕ್ಕೆ ಮರ್ಯಾದೆ ಕೊಡಿ ಅಂದರೆ, ಅದ್ಯಾವುದೂ ಇಲ್ಲದ ಬೀದಿ ನಾಯಿಗೆ ಮರ್ಯಾದೆ ಬೇಡ ಅಂತ ನಾವೇ ಒಪ್ಪಿಕೊಂಡ ಹಾಗೆ. ನಮ್ಮ ಓಣಿಯ ಬೀದಿ ನಾಯಿಗಳೂ ನನಗೆ ಚಿಗರಿಯಷ್ಟೇ. "ಕಂತ್ರಿ ಆದ್ರೂ ನಮ್ಮ ಮನಿ ಕೂಸು" ಅಂದುಬಿಡಿ, ಅಲ್ಲಿಗೆ ಅವರ ಮಾತು ಮುಗಿಯುತ್ತದೆ.

ಇನ್ನು ಕೆಲವರ ಮಾತು ಒರಟಾಗಿ ಕೇಳಿಸುತ್ತದೆ, ಆದರೆ ಅದು ಒರಟುತನ ಅಲ್ಲ, ಭಯ. "ದೂರ ಹಿಡ್ಕೋರಿ ಅದನ್ನ!" ಅಂತ ಕಿರುಚುವ ಹೆಣ್ಣುಮಗಳಿಗೆ ಚಿಕ್ಕವಳಿದ್ದಾಗ ನಾಯಿ ಕಚ್ಚಿರಬಹುದು. ನಮಾಜಿಗೆ ಹೊರಟವರು ನಾಯಿಯ ಜೊಲ್ಲು ಬಟ್ಟೆಗೆ ತಾಗಬಾರದು ಅಂತ ಸರಿಯುತ್ತಾರೆ, ಮಡಿಯಲ್ಲಿ ಗುಡಿಗೆ ಹೊರಟ ಅಜ್ಜಂದಿರೂ ಅಷ್ಟೇ. ಇವರ ಜೊತೆ ಜಗಳ ಯಾಕೆ? ಹಗ್ಗ ಗಿಡ್ಡ ಮಾಡಿಕೊಂಡು ನಾವೇ ರಸ್ತೆಯ ಇನ್ನೊಂದು ಪಕ್ಕಕ್ಕೆ ಹೋದರಾಯಿತು. ರಸ್ತೆ ಅವರದ್ದೂ ಹೌದು. ಯಾರಾದರೂ "ಕಚ್ಚತೈತೇನ್ರಿ?" ಅಂತ ಕೇಳಿದರೆ ಅದು ಬಹಳ ಒಳ್ಳೆಯ ಪ್ರಶ್ನೆ, ಬೇಸರ ಮಾಡಿಕೊಳ್ಳದೆ ಸರಿಯಾಗಿ ಉತ್ತರ ಕೊಡಿ. ಮುಧೋಳ ನಾಯಿಗೆ ಅಪರಿಚಿತರು ಮೈ ಮುಟ್ಟುವುದು ಅಷ್ಟಾಗಿ ಹಿಡಿಸುವುದಿಲ್ಲ. "ಎಷ್ಟು ಸೊಕ್ಕು ನೋಡ್ರಿ ಇದಕ್ಕ" ಅಂದರೆ ಅನ್ನಲಿ, "ಹೊಸಬರು ಮುಟ್ಟಿದ್ರ ಅದಕ್ಕ ಆಗಂಗಿಲ್ಲ" ಅಂತ ಹೇಳಿ ಮಕ್ಕಳ ಕೈ ಹಿಂದಕ್ಕೆ ಸರಿಸಿ. ರೇಬೀಸ್ ಲಸಿಕೆ ವರ್ಷಾ ವರ್ಷಾ ಹಾಕಿಸಿ, ಕಾರ್ಡಿನ ಫೋಟೋ ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಹೆದರಿದವರಿಗೆ ಅದನ್ನು ತೋರಿಸಿದರೆ ನೂರು ಮಾತು ಉಳಿಯುತ್ತದೆ.

ಎಲ್ಲಿ ಬಾಯಿ ಬಿಡಬೇಕು ಅಂದರೆ, ಕೈಯಲ್ಲಿ ಏನೋ ಹಿಡಿದುಕೊಂಡು ಬಂದಾಗ. ನಮ್ಮದು ದ್ರಾಕ್ಷಿ ಸೀಮೆ. ತಿಕೋಟಾ ಕಡೆಯಿಂದ ಒಣದ್ರಾಕ್ಷಿ ಮನೆಮನೆಗೆ ಬರುತ್ತದೆ. "ಪಾಪ ಬಡಕ ಆಗೇತಿ, ಒಂದೀಟು ಮಣುಕ ತಿನ್ನಲಿ" ಅಂತ ಪ್ರೀತಿಯಿಂದಲೇ ಮುಷ್ಟಿ ಚಾಚುತ್ತಾರೆ. ಅಲ್ಲಿ ಸಂಕೋಚ ಬೇಡ, ಎಷ್ಟೇ ದೊಡ್ಡವರಾದರೂ ಕೈ ಅಡ್ಡ ಹಿಡಿಯಿರಿ. ದ್ರಾಕ್ಷಿ, ಒಣದ್ರಾಕ್ಷಿ ನಾಯಿಯ ಕಿಡ್ನಿ ಕೆಡಿಸುತ್ತವೆ. ಒಂದು ನಾಯಿಗೆ ಏನೂ ಆಗದ ಅಳತೆ ಇನ್ನೊಂದರ ಜೀವ ತೆಗೆಯಬಹುದು, ಇಷ್ಟು ಕೊಟ್ಟರೆ ಪರವಾಗಿಲ್ಲ ಅನ್ನುವ ಲೆಕ್ಕವೇ ಇಲ್ಲ. ಉಳ್ಳಾಗಡ್ಡಿ ಹಾಕಿದ ಚುರುಮುರಿಯೂ ಬೇಡ, ಉಳ್ಳಾಗಡ್ಡಿಯಿಂದ ನಾಯಿಯ ರಕ್ತಕಣ ಒಡೆಯುತ್ತವೆ. "ನಮ್ಮ ನಾಯಿ ತಿಂದಿತ್ತು, ಏನೂ ಆಗಲಿಲ್ಲ" ಅಂತ ಅನ್ನುತ್ತಾರೆ. ವಾದ ಬೇಡ, "ಡಾಕ್ಟರ್ ಬ್ಯಾಡ ಅಂದಾರ್ರಿ" ಅನ್ನಿ. ನಮ್ಮ ಜನ ನಿಮ್ಮ ಮಾತು ತಳ್ಳಿಹಾಕಬಹುದು, ಡಾಕ್ಟರ್ ಮಾತು ಅಷ್ಟು ಸುಲಭಕ್ಕೆ ತಳ್ಳಿಹಾಕುವುದಿಲ್ಲ. ಕಣ್ಣು ತಪ್ಪಿಸಿ ತಿನ್ನಿಸಿಬಿಟ್ಟರೆ ವಾಂತಿ ಆಗಲಿ ಅಂತ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಓಡಿ.

"ಯಾಕ ಹಗ್ಗ ಹಾಕೀರಿ, ಬಿಡ್ರಿ ಓಡ್ಲಿ" ಅನ್ನುವವರಿಗೂ ಹಾಗೆಯೇ ಗಟ್ಟಿಯಾಗಿ ಇಲ್ಲ ಅನ್ನಿ. ದೂರದಲ್ಲಿ ಬೆಕ್ಕು, ಕುರಿಮರಿ ಕಂಡರೆ ಈ ನಾಯಿಗೆ ನಿಮ್ಮ ಕೂಗು ಕೇಳಿಸುವುದಿಲ್ಲ, ನಡುವೆ ಲಾರಿ ಬರುತ್ತಿದೆ ಅನ್ನುವುದೂ ಕಾಣಿಸುವುದಿಲ್ಲ.

"ಹಚಾ" ಅಂತ ಕಲ್ಲು ಎತ್ತಿದರೆ ಅದು ಕಮೆಂಟ್ ಅಲ್ಲ. ಪ್ರಾಣಿಯನ್ನು ಹೊಡೆಯುವುದು, ಒದೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ. ನಾನು ನಾಯಿಯನ್ನು ಹಿಂದೆ ಹಾಕಿಕೊಂಡು ಮುಂದೆ ನಿಲ್ಲುತ್ತೇನೆ, "ಕಲ್ಲು ಕೆಳಗ ಇಡ್ರಿ" ಅಂತ ಓಣಿಗೆ ಕೇಳುವಷ್ಟು ಜೋರಾಗಿ ಹೇಳುತ್ತೇನೆ. ಮತ್ತೆ ಅದೇ ಮಾಡಿದರೆ ವಿಡಿಯೋ ಮಾಡಿ ಪೊಲೀಸರಿಗೆ ಕೊಡಿ.

ಕೊನೆಗೆ ನಿಮ್ಮ ಯಜಮಾನರ ಸೋದರಮಾವನ ಮಾತು. "ಮಕ್ಕಳಾಗೂ ಬದ್ಲಿ ನಾಯಿ ತಂದು ಸಾಕ್ಯಾರ" ಅಂತ ನೆಂಟರ ಮುಂದೆ ಅನ್ನುತ್ತಾರೆ ಅಂತ ಬರೆದಿದ್ದೀರಿ. ಅದನ್ನು ಓದಿ ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಅದು ನಾಯಿಯ ಬಗ್ಗೆ ಆಡಿದ ಮಾತೇ ಅಲ್ಲ. ಹಾಗಾಗಿ ನಾಯಿಯ ಬಗ್ಗೆ ಎಷ್ಟು ವಿವರಿಸಿದರೂ ಅದು ನಿಲ್ಲುವುದಿಲ್ಲ, ಸುಮ್ನೆ ಮುಧೋಳ ತಳಿಯ ಚರಿತ್ರೆ ಹೇಳಿ ದಣಿಯಬೇಡಿ. ಸೊಸೆ ಎದುರು ಮಾತಾಡಿದರೆ ಅದೇ ದೊಡ್ಡ ಸುದ್ದಿ ಆಗುತ್ತದೆ, ಅದು ನಿಮಗೂ ಗೊತ್ತು. ಇದನ್ನು ನಿಮ್ಮ ಯಜಮಾನರೇ ಹೇಳಬೇಕು. ನೆಂಟರ ಮುಂದೆ ಬೇಡ, ಮಾವ ಒಬ್ಬರೇ ಇದ್ದಾಗ, "ಮಾಮಾ, ಈ ಮಾತು ಇನ್ನೊಮ್ಮೆ ನಮ್ಮ ಮನ್ಯಾಗ ಆಡಬ್ಯಾಡ್ರಿ, ಆಕಿಗೆ ನೋವಾಗತೈತಿ, ನನಗೂ ಆಗತೈತಿ" ಅಂತ. ಇಷ್ಟೇ, ಉದ್ದ ಭಾಷಣ ಬೇಡ. ಯಜಮಾನರಿಗೆ ಹಿಂಜರಿಕೆ ಇದ್ದರೆ ಈ ಉತ್ತರ ಅವರಿಗೇ ಓದಿಸಿ. ಅದಾದ ಮೇಲೂ ಮಾವ ಅದೇ ಅಂದರೆ ಚಹಾ ಕಪ್ಪು ಅಲ್ಲೇ ಇಟ್ಟು ಎದ್ದು ಒಳಗೆ ಹೋಗಿ, ಯಾರು ಕರೆದರೂ ಅವರು ಹೋಗುವವರೆಗೆ ಹೊರಗೆ ಬರಬೇಡಿ.