ಸಂಪಾದಕರ ಉತ್ತರ: ಹನ್ನೊಂದು ದಿನ ತಪ್ಪಿದ ಶಾಲೆ

ಕೇರಳದ ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿನ ತಾಯಿಯೊಬ್ಬರು ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ. ಪತ್ರದ ಸಾರ ಇಷ್ಟು: ಮಗನಿಗೆ ಏಳು ವರ್ಷ, ಎರಡನೇ ತರಗತಿ. ಮಗಳಿಗೆ ಹತ್ತು. ಕೊರೊನಾ ಕಾಲದಲ್ಲಿ ಇನ್ನೊಂದು ಜ್ವರ ಬೇಡವೆಂದು 2021ರ ನವೆಂಬರ್ 14ರ ಆದಿತ್ಯವಾರ ಇಬ್ಬರನ್ನೂ ಮಂಗಳೂರಿಗೆ ಕರೆದೊಯ್ದು ಫ್ಲೂ ಲಸಿಕೆ ಹಾಕಿಸಿದರು. ಆ ರಾತ್ರಿಯೇ ಮಗನಿಗೆ 101 ಡಿಗ್ರಿ ಜ್ವರ, ತೋಳು ಎತ್ತಲಾಗದಷ್ಟು ನೋವು. ಮಂಗಳವಾರ ಬೆಳಿಗ್ಗೆ ಜ್ವರ ಬಿಟ್ಟಿತು. ಬುಧವಾರ ಶಾಲೆಗೆ ಕಳುಹಿಸಿದರೆ ಗೇಟಿನಿಂದಲೇ ವಾಪಸು. ಅವನ ಬ್ಯಾಚಿಗೆ ಸೋಮವಾರದಿಂದ ಬುಧವಾರದವರೆಗೆ ಮಾತ್ರ ಪಾಠ. ಹಾಗಾಗಿ 10ರಂದು ಮನೆಗೆ ಬಂದ ಮಗು ಮತ್ತೆ ತರಗತಿಯಲ್ಲಿ ಕುಳಿತದ್ದು 22ರಂದು. ಈಗ ವೈದ್ಯರು ಮಗನಿಗೆ ಎರಡನೇ ಡೋಸ್ ಬೇಕು, ಮಗಳಿಗೆ ಬೇಡ ಎನ್ನುತ್ತಾರೆ. ನೆರೆಮನೆಯವರು ಲಸಿಕೆಯಿಂದಲೇ ಫ್ಲೂ ಹಿಡಿಯಿತು ಎನ್ನುತ್ತಾರೆ. ಮಾವನವರು ಮಾತ್ರ ಹಿಂದೆ ಗೇರುತೋಟಗಳಿಗೆ ಹೊಡೆಯುತ್ತಿದ್ದ ಕೀಟನಾಶಕದ ಹೆಸರೆತ್ತಿ ಒಂದೇ ಮಾತು ಹೇಳಿ ಎದ್ದು ಹೋದರಂತೆ: "ಎಂಡೋಸಲ್ಫಾನ್ ಹೊಡೆಯುವಾಗಲೂ ಏನೂ ಆಗುವುದಿಲ್ಲ ಎಂದೇ ಹೇಳಿದ್ದರು."

ಅಕ್ಕಾ,

ನೀವು ನನಗಿಂತ ಕಿರಿಯರೇ ಇರಬೇಕು. ಆದರೂ ನಮ್ಮ ಕಡೆಯಲ್ಲಿ ಹೀಗೆ ಕರೆಯುವುದೇ ರೂಢಿ.

ಮೊದಲು ಅವಸರದ ವಿಷಯ. ನಿಮ್ಮ ಮಗನಿಗೆ ಲಸಿಕೆಯಿಂದ ಫ್ಲೂ ಬಂದಿಲ್ಲ. ತೋಳಿಗೆ ಚುಚ್ಚುವ ಫ್ಲೂ ಲಸಿಕೆಯಲ್ಲಿ ಜೀವವಿರುವ ವೈರಸ್ ಇರುವುದಿಲ್ಲ. ಸತ್ತ ವೈರಸ್ಸಿನ ಚೂರುಗಳಿರುತ್ತವೆ. ಮೈ ಅದನ್ನು ಪರಕೀಯವೆಂದು ಗುರುತಿಸಿ ಸಿದ್ಧವಾಗುವಾಗ ಜ್ವರ, ಮೈಕೈ ನೋವು, ಚುಚ್ಚಿದ ಜಾಗದಲ್ಲಿ ಬಾವು ಬರಬಹುದು. ಹೀಗೆ ಬಂದದ್ದು ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಹೋಗುತ್ತದೆ, ನಿಮ್ಮಲ್ಲೂ ಹೋಯಿತು. ಆದರೆ ಕೆಮ್ಮು, ಶೀತ, ಗಂಟಲು ನೋವು ಈ ಲಸಿಕೆಯ ಕೆಲಸವಲ್ಲ. ಅವು ಕಂಡರೆ, ಅಥವಾ ಜ್ವರ ಮೂರನೇ ದಿನಕ್ಕೂ ಎಳೆದರೆ, ಲಸಿಕೆಯ ಮೇಲೆ ಭಾರ ಹಾಕಿ ಸುಮ್ಮನಿರಬೇಡಿ. ಕೊರೊನಾ ಹರಡುತ್ತಿರುವ ಈ 2021ರಲ್ಲಿ ಕೊರೊನಾ ಪರೀಕ್ಷೆ ಮಾಡಿಸಲೇಬೇಕು. ಫ್ಲೂ ಲಸಿಕೆ ಕೊರೊನಾವನ್ನು ತಡೆಯುವುದಿಲ್ಲ ಎಂಬುದೂ ನೆನಪಿರಲಿ. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು, ಅದೂ ಮಗುವಿನ ತೂಕ ನೋಡಿ ವೈದ್ಯರು ಹೇಳಿದಷ್ಟು. ಮನೆಯಲ್ಲಿ ಅಜ್ಜನಿಗೆಂದು ತಂದಿಟ್ಟ ಆಸ್ಪಿರಿನ್ ಮಾತ್ರ ಕೂಡದು. ವೈರಸ್ ಜ್ವರದ ಮಕ್ಕಳಿಗೆ ಅದನ್ನು ಕೊಟ್ಟರೆ, ಅಪರೂಪವಾಗಿಯಾದರೂ, ಯಕೃತ್ತು ಮತ್ತು ಮಿದುಳಿಗೆ ಅಪಾಯ.

ಒಬ್ಬನಿಗೆ ಎರಡು, ಒಬ್ಬಳಿಗೆ ಒಂದು ಯಾಕೆ ಎಂಬುದರಲ್ಲಿ ವ್ಯಾಪಾರವೇನೂ ಇಲ್ಲ. ಒಂಬತ್ತು ವರ್ಷದೊಳಗಿನ ಮಗು ಮೊದಲ ಬಾರಿ ಫ್ಲೂ ಲಸಿಕೆ ಪಡೆಯುವಾಗ ಕನಿಷ್ಠ ನಾಲ್ಕು ವಾರಗಳ ಅಂತರದಲ್ಲಿ ಎರಡು ಡೋಸ್ ಬೇಕು. ಚಿಕ್ಕ ಮೈಗೆ ಫ್ಲೂವಿನ ಪರಿಚಯ ಕಡಿಮೆ. ಮೊದಲನೆಯದು ಪರಿಚಯ ಮಾಡಿಸುತ್ತದೆ, ಎರಡನೆಯದು ಅದನ್ನು ಗಟ್ಟಿ ಮಾಡುತ್ತದೆ. ಕಳೆದ ವರ್ಷ, 2020ರಲ್ಲಿ, ಎಲ್ಲರೂ ಮಾಸ್ಕ್ ಹಾಕಿ ಮನೆಯಲ್ಲಿ ಕುಳಿತದ್ದರಿಂದ ಜಗತ್ತಿನಾದ್ಯಂತ ಫ್ಲೂ ಬಹಳ ಕಡಿಮೆಯಾಗಿತ್ತು. ಹಾಗಾಗಿ ನಿಮ್ಮ ಮಗನ ವಯಸ್ಸಿನವರಿಗೆ ಆ ಪರಿಚಯ ಇನ್ನೂ ಕಡಿಮೆ. ಹಾಕಿಸಿದರೆ ಫ್ಲೂ ಬರುವುದೇ ಇಲ್ಲವೆಂದು ನಾನು ಹೇಳಲಾರೆ. ವೈರಸ್ಸಿಗೂ ಲಸಿಕೆಗೂ ಚೆನ್ನಾಗಿ ಹೊಂದಿಕೆಯಾದ ವರ್ಷದಲ್ಲಿ ವೈದ್ಯರ ಬಳಿ ಓಡಬೇಕಾದ ಫ್ಲೂ ಶೇ. 40ರಿಂದ 60ರಷ್ಟು ತಪ್ಪುತ್ತದೆ, ಅಷ್ಟೇ.

ಇನ್ನು ಮಾವನವರ ಮಾತು. ಅದಕ್ಕೆ ವೈದ್ಯಕೀಯ ಪುಸ್ತಕದಿಂದ ಉತ್ತರ ಹೇಳಿದರೆ ಅವರಿಗೆ ಅವಮಾನ ಮಾಡಿದಂತೆ. 1970ರ ದಶಕದ ಕೊನೆಯಿಂದ 2000ದವರೆಗೆ ಕೇರಳ ಸರಕಾರದ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯುತ್ತಿದ್ದಾಗ ನಿಮ್ಮ ಪಂಚಾಯತಿನ ಪಡ್ರೆಯ ಜನರನ್ನು ಯಾರೂ ಒಂದು ಮಾತು ಕೇಳಲಿಲ್ಲ. ಬಾವಿ ಮುಚ್ಚಿಕೊಳ್ಳಿ ಎಂದರೆ ಮುಚ್ಚಬಹುದು, ಗುಡ್ಡೆಯ ಹೊಟ್ಟೆಯಿಂದ ಹರಿದು ಬರುವ ಸುರಂಗದ ನೀರಿಗೆ ಯಾವ ಮುಚ್ಚಳ? ಮನೆ ಮನೆಯಲ್ಲಿ ಮಕ್ಕಳು ಯಾಕೆ ಹೀಗೆ ಅಂಗವಿಕಲರಾಗಿ ಹುಟ್ಟುತ್ತಿದ್ದಾರೆ ಎಂದು ಲೆಕ್ಕ ಹಾಕಿದ್ದು ಸರಕಾರವಲ್ಲ. ಊರಿನ ಒಬ್ಬ ವೈದ್ಯರು, ಕೆಲವು ಕೃಷಿಕರು, ಕೆಲವು ತಾಯಂದಿರು. ದೇಶದಲ್ಲಿ ಆ ವಿಷಕ್ಕೆ ಸುಪ್ರೀಂ ಕೋರ್ಟು ತಡೆ ಹಾಕಿದ್ದು 2011ರ ಮೇಯಲ್ಲಿ. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಿ ಎಂದು ಆದೇಶಿಸಿದ್ದು 2017ರ ಜನವರಿಯಲ್ಲಿ. ಇಷ್ಟನ್ನೆಲ್ಲ ಕಣ್ಣಾರೆ ಕಂಡ ಹಿರಿಯರೊಬ್ಬರು "ಏನೂ ಆಗುವುದಿಲ್ಲ" ಎಂಬ ಮಾತು ಕೇಳಿ ಎದ್ದು ಹೋದರೆ, ನಾನಾದರೂ ಹೋಗುತ್ತಿದ್ದೆ.

ಆದ್ದರಿಂದ ಲಸಿಕೆಯಿಂದ ಏನೂ ಆಗುವುದಿಲ್ಲ ಎಂದು ಅವರಿಗೆ ಹೇಳಬೇಡಿ. ಆದದ್ದನ್ನೇ ಹೇಳಿ. 2009ರಲ್ಲಿ ಹಂದಿಜ್ವರ ಎಂಬ ಹೊಸ ಫ್ಲೂ ಜಗತ್ತಿಗೆ ಹರಡಿತು. ಆಗಸ್ಟ್ 3ರಂದು ಪುಣೆಯಲ್ಲಿ ಹದಿನಾಲ್ಕರ ಶಾಲಾ ಹುಡುಗಿ ತೀರಿಕೊಂಡದ್ದು ನಮ್ಮ ದೇಶದ ಮೊದಲ ಸಾವು. ಆ ಜ್ವರಕ್ಕೆಂದು ಯುರೋಪಿನಲ್ಲಿ ಪ್ಯಾಂಡೆಮ್ರಿಕ್ಸ್ ಎಂಬ ಲಸಿಕೆ ಕೊಟ್ಟರು. 2010ರಲ್ಲಿ ಫಿನ್ಲೆಂಡ್ ಮತ್ತು ಸ್ವೀಡನ್ನಿನ ನರರೋಗ ವೈದ್ಯರು ಒಂದು ವಿಚಿತ್ರ ಗಮನಿಸಿದರು: ಚೆನ್ನಾಗಿದ್ದ ಮಕ್ಕಳು ಹಗಲು ಹೊತ್ತಿನಲ್ಲಿ, ಕೂತಲ್ಲಿ, ತಡೆಯಲಾಗದೆ ನಿದ್ದೆ ಹೋಗುತ್ತಿದ್ದರು. ನಾರ್ಕೊಲೆಪ್ಸಿ ಎಂಬ ಆ ಕಾಯಿಲೆ ಬಂದರೆ ಹೋಗುವುದಿಲ್ಲ. ಲೆಕ್ಕ ತೆಗೆದರೆ ಫಿನ್ಲೆಂಡಿನಲ್ಲಿ ಲಸಿಕೆ ಪಡೆದ 4ರಿಂದ 19 ವರ್ಷದವರಲ್ಲಿ ಲಕ್ಷಕ್ಕೆ ಸುಮಾರು ಒಂಬತ್ತು ಮಂದಿ. ಪಡೆಯದವರಲ್ಲಿ ಒಬ್ಬರಿಗಿಂತಲೂ ಕಡಿಮೆ. 2010ರ ಆಗಸ್ಟಿನಲ್ಲೇ ಫಿನ್ಲೆಂಡ್ ಅದನ್ನು ನಿಲ್ಲಿಸಿತು. ಅದೇ ವರ್ಷದ ಏಪ್ರಿಲಿನಲ್ಲಿ ಆಸ್ಟ್ರೇಲಿಯಾದಲ್ಲಿ ಒಂದು ಕಂಪನಿಯ ಫ್ಲೂ ಲಸಿಕೆ ಪಡೆದ ಐದರೊಳಗಿನ ಮಕ್ಕಳಿಗೆ ಜ್ವರ ಏರಿ ಫಿಟ್ಸ್ ಬಂತು. ಅಲ್ಲೂ ಆ ತಿಂಗಳೇ ಚಿಕ್ಕ ಮಕ್ಕಳಿಗೆ ಕೊಡುವುದನ್ನು ತಡೆದರು, ತನಿಖೆ ನಡೆದು ತಪ್ಪಿದ್ದು ಆ ಒಂದು ಕಂಪನಿಯ ಲಸಿಕೆಯಲ್ಲಿ ಎಂದು ಗೊತ್ತಾಯಿತು. ಪ್ಯಾಂಡೆಮ್ರಿಕ್ಸ್ ಇಂದು ಬಳಕೆಯಲ್ಲೇ ಇಲ್ಲ. 2009ರ ವೈರಸ್ಸಿನ ಸಂತತಿ ಮಾತ್ರ ಇನ್ನೂ ಓಡಾಡುತ್ತಿದೆ. ನಿಮ್ಮ ಮಗನಿಗೆ ಹಾಕಿದ ಲಸಿಕೆಯಲ್ಲಿ ಅದರ ವಿರುದ್ಧದ ಅಂಶವೂ ಇದೆ.

ಇದನ್ನು ಕೇಳಿ ಮಾವನವರು "ನೋಡು, ನಾನು ಹೇಳಲಿಲ್ಲವೇ" ಎನ್ನಬಹುದು. ಎನ್ನಲಿ. ಆದರೆ ವ್ಯತ್ಯಾಸವನ್ನೂ ಅವರೇ ಕಾಣುತ್ತಾರೆ ಎಂದು ನನ್ನ ನಂಬಿಕೆ. ಅಲ್ಲಿ ಅನುಮಾನ ಬಂದ ಕೂಡಲೇ ನಿಲ್ಲಿಸಿದರು, ನಿಲ್ಲಿಸಿ ಮಕ್ಕಳ ಲೆಕ್ಕ ತೆಗೆದರು. ಇಲ್ಲಿ ಇಪ್ಪತ್ತು ಚಿಲ್ಲರೆ ವರ್ಷ ಸರಕಾರ ಲೆಕ್ಕವನ್ನೇ ಇಡಲಿಲ್ಲ. ನಾನು ಫ್ಲೂ ಲಸಿಕೆಯನ್ನು ನಂಬುವುದು ಯಾವ ಅಧಿಕಾರಿಯ ಭರವಸೆಯಿಂದಲೂ ಅಲ್ಲ. ಎಷ್ಟೋ ವರ್ಷಗಳಿಂದ, ಎಷ್ಟೋ ದೇಶಗಳಲ್ಲಿ, ಕೋಟಿಗಟ್ಟಲೆ ತೋಳುಗಳ ಲೆಕ್ಕ ಇಟ್ಟಿದ್ದಾರೆ, ತಪ್ಪಿದಲ್ಲಿ ತಪ್ಪಿದೆ ಎಂದು ಬರೆದಿದ್ದಾರೆ ಎಂಬುದರಿಂದ.

ಹಾಗಾದರೆ ನಿಮ್ಮ ಮಗನ ಜ್ವರ ಯಾವ ಲೆಕ್ಕಕ್ಕೆ ಸೇರಿತು? ನನಗೆ ಕಿರಿಕಿರಿಯಾದದ್ದು ಇಲ್ಲಿ. ನೀವು ಪತ್ರದ ಜೊತೆ ಕಳುಹಿಸಿದ ಚೀಟಿಯಲ್ಲಿ "ಫ್ಲೂ ಲಸಿಕೆ, 1" ಎಂದಷ್ಟೇ ಇದೆ. ಯಾವ ಕಂಪನಿ, ಯಾವ ಬ್ಯಾಚ್ ನಂಬರ್, ಒಂದೂ ಇಲ್ಲ. ಎರಡನೇ ಸಲ ಹೋದಾಗ ಎರಡನ್ನೂ ಬರೆಸಿಕೊಳ್ಳಿ, ಸೀಸೆಯ ಚೀಟಿಯನ್ನೇ ಅಂಟಿಸಿಕೊಟ್ಟರೆ ಇನ್ನೂ ಒಳ್ಳೆಯದು. ಅರ್ಧ ಗಂಟೆ ಅಲ್ಲೇ ಕುಳಿತಿರಿ. ಮುಖ ಊದುವುದು, ಉಸಿರು ಕಟ್ಟುವುದು ಬಹಳ ಅಪರೂಪ, ಬಂದರೆ ಆ ಹೊತ್ತಿನಲ್ಲೇ ಬರುವುದು ಹೆಚ್ಚು. ಮನೆಗೆ ಬಂದ ಮೇಲೆ ವಿಪರೀತವಾದದ್ದು ಏನೇ ಕಂಡರೂ ಹಾಕಿದ ವೈದ್ಯರಿಗೂ, ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ತಿಳಿಸಿ. ಖಾಸಗಿಯಲ್ಲಿ ಹಾಕಿಸಿದ್ದಕ್ಕೆ ಇಲ್ಲಿ ಯಾಕೆ ಹೇಳುವುದೆಂಬ ಸಂಕೋಚ ಬೇಡ. ಆಶಾ ಕಾರ್ಯಕರ್ತೆಗೆ ಹೇಳಿದರೂ ಸುದ್ದಿ ಮುಟ್ಟುತ್ತದೆ.

ಶಾಲೆಯ ವಿಷಯದಲ್ಲಿ ನಿಮ್ಮ ಸಿಟ್ಟು ಅರ್ಧ ನ್ಯಾಯ. ಸೋಮವಾರ, ಮಂಗಳವಾರ ಅವನನ್ನು ಮನೆಯಲ್ಲೇ ಇಟ್ಟದ್ದು ಸರಿ. ಔಷಧವಿಲ್ಲದೆ ಒಂದು ಪೂರ್ತಿ ದಿನ ಜ್ವರ ಬಾರದಿದ್ದರೆ ಮಾತ್ರ ಕಳುಹಿಸಬೇಕು. ಆ ಲೆಕ್ಕದಲ್ಲಿ ಬುಧವಾರ ಅವನು ಹೋಗಬಹುದಿತ್ತು. ಆದರೆ ಗೇಟಿನಲ್ಲಿ ನಿಂತ ಅಧ್ಯಾಪಿಕೆಯ ಕೈಯಲ್ಲಿದ್ದದ್ದು ಹಣೆಗೆ ಹಿಡಿಯುವ ಥರ್ಮಾಮೀಟರ್ ಒಂದೇ. ಮೊನ್ನೆ ಜ್ವರವಿತ್ತು ಎಂದು ಮಗು ತಾನೇ ಹೇಳಿದ ಮೇಲೆ ಅವರು ಹೆದರಿದ್ದರಲ್ಲಿ ಆಶ್ಚರ್ಯವಿಲ್ಲ. "ಕೊರೊನಾ ಬಂತು, ಕೊರೊನಾ ಬಂತು" ಎಂದು ಉಳಿದ ಮಕ್ಕಳು ಕೂಗಿದಾಗ ಸುಮ್ಮನಿದ್ದದ್ದು ಮಾತ್ರ ತಪ್ಪು. ಅದನ್ನು ಅವರಿಗೆ ಹೇಳಿ, ಜಗಳವಾಡದೆ ಹೇಳಿ.

ಈ ಮಗುವಿನ ಒಂದನೇ ತರಗತಿ ಇಡೀ ಮೊಬೈಲಿನಲ್ಲೇ ಮುಗಿಯಿತು. ರೇಂಜ್ ಸಿಗುವ ಗುಡ್ಡೆ ಹತ್ತಿ, ಯೂಟ್ಯೂಬಿನ ಕನ್ನಡ ಪಾಠ ಅರ್ಧಕ್ಕೆ ನಿಂತು, ಮತ್ತೆ ಶುರುವಾಗಿ. ಅವನು ಬೆಂಚನ್ನು ಮುಟ್ಟಿ ನೋಡಿದ್ದೇ ಈ ನವೆಂಬರ್ 1ಕ್ಕೆ. ಅಂಥವನಿಗೆ ವಾರದ ಮೂರು ಮಧ್ಯಾಹ್ನದವರೆಗಿನ ಪಾಠವೂ ತಪ್ಪಿದರೆ ತಾಯಿಗೆ ಎಷ್ಟು ಉರಿಯುತ್ತದೆ ಎಂದು ನನಗೆ ಅರ್ಥವಾಗುತ್ತದೆ. ಹಾಜರಿ ಪುಸ್ತಕದಲ್ಲಿ ಜ್ವರಕ್ಕೂ, ಬಸ್ ಇಲ್ಲದ್ದಕ್ಕೂ, ಕ್ವಾರಂಟೈನಿಗೂ ಒಂದೇ ಗೈರು ಗುರುತು. ರಜಾ ಚೀಟಿಯಲ್ಲಿ ಕಾರಣ ಬರೆದು ಕೊಡಿ: ಇಂಥ ದಿನ ಲಸಿಕೆ, ಇಂಥ ಹೊತ್ತಿಗೆ ಜ್ವರ, ಇಂಥ ಹೊತ್ತಿಗೆ ಬಿಟ್ಟಿತು. ಮುಂದಿನ ಸಲ ಗೇಟಿನಲ್ಲಿ ಆ ಚೀಟಿಯೇ ಮಾತಾಡುತ್ತದೆ.

ಮತ್ತೆ, ಆದಿತ್ಯವಾರ ಹಾಕಿಸಬೇಡಿ. ನಾಲ್ಕು ವಾರ ತುಂಬುವುದು ಡಿಸೆಂಬರ್ 12ಕ್ಕೆ. ಮೂರು ದಿನ ತಡವಾದರೆ ಏನೂ ಕೆಡುವುದಿಲ್ಲ. 15ರ ಬುಧವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಹಾಕಿಸಿ. ಜ್ವರ ಬಂದರೂ ಇನ್ನೊಂದು ಬ್ಯಾಚಿನವರು ಶಾಲೆಯಲ್ಲಿರುವ ದಿನಗಳಲ್ಲಿ ಬಂದು ಹೋಗುತ್ತದೆ. ಮಂಗಳೂರಿಗೇ ಹೋಗಬೇಕೆಂದೂ ಇಲ್ಲ. ಈ 2021ರಲ್ಲಿ ಕರ್ನಾಟಕದ ಗಡಿಯಲ್ಲಿ 72 ಗಂಟೆಯೊಳಗಿನ ಕೊರೊನಾ ಪರೀಕ್ಷೆ, ಅಂದರೆ ಆರ್‌ಟಿಪಿಸಿಆರ್ ಕೇಳುವಾಗ ಏಳು ವರ್ಷದವನ ಮೂಗಿಗೆ ಮತ್ತೆ ಕಡ್ಡಿ ಹಾಕಿಸುವುದು ಯಾಕೆ? ಕಾಸರಗೋಡಿನ ಮಕ್ಕಳ ವೈದ್ಯರಲ್ಲಿ ಮೊದಲೇ ಫೋನು ಮಾಡಿ ತರಿಸಿ ಇಡಲು ಹೇಳಿ. ಮುಂದಿನ ವರ್ಷದ್ದನ್ನು ಏಪ್ರಿಲ್ ಅಥವಾ ಮೇ ರಜೆಯಲ್ಲಿ ಮುಗಿಸಿಬಿಡಿ; ನಮ್ಮ ಕರಾವಳಿಯಲ್ಲಿ ಫ್ಲೂ ಜೋರಾಗುವುದು ಮಳೆಗಾಲದಲ್ಲಿ, ಆ ಹೊತ್ತಿಗೆ ಮೈ ತಯಾರಿರುತ್ತದೆ.

ಮಗಳಿಗೆ ಏನೂ ಆಗಲಿಲ್ಲ ಎಂಬುದನ್ನು ನೀವು ನಾಲ್ಕನೇ ಪುಟದ ಅಂಚಿನಲ್ಲಿ, ಅರ್ಧ ಸಾಲಿನಲ್ಲಿ ಬರೆದಿದ್ದೀರಿ. ಹದಿನೈದರ ನಂತರ ಇನ್ನೊಂದು ಪತ್ರ ಹಾಕಿ, ಮಗನಿಗೆ ಜ್ವರ ಬಾರದೇ ಇದ್ದರೂ ಹಾಕಿ.

— ಸಂ.