ಬಿಳಿಯರೇ ಶ್ರೇಷ್ಠರೆಂದು ಸಾರುವ ಅಮೆರಿಕದ ಕು ಕ್ಲಕ್ಸ್ ಕ್ಲಾನ್ 1860ರ ದಶಕದಿಂದಲೂ ಒಂದೇ ಸಂಘಟನೆಯಾಗಿ ನಡೆದು ಬಂದಿದೆಯೇ?

ಇಲ್ಲ, ಆ ಹೆಸರಿನಲ್ಲಿ ಬೇರೆ ಬೇರೆ ಕಾಲದ ಮೂರು ಚಳವಳಿಗಳು ತಲೆಯೆತ್ತಿವೆ. ಅಂತರ್ಯುದ್ಧದಲ್ಲಿ ಸೋತ ದಕ್ಷಿಣದ ಮಾಜಿ ಸೈನಿಕರು ಟೆನೆಸ್ಸಿಯ ಪುಲಾಸ್ಕಿಯಲ್ಲಿ ಕಟ್ಟಿದ ಮೊದಲ ಕ್ಲಾನ್, ಗುಲಾಮಗಿರಿಯಿಂದ ಬಿಡುಗಡೆಗೊಂಡ ಕಪ್ಪು ಜನರು ಮತ ಚಲಾಯಿಸದಂತೆ ರಾತ್ರಿದಾಳಿ, ಚಾಟಿಯೇಟು, ಕೊಲೆಗಳಿಂದ ಬೆದರಿಸಿತು. ಅಧ್ಯಕ್ಷ ಗ್ರಾಂಟ್ 1871ರ ಕಾನೂನಿನ ಬಲದಿಂದ ಅದನ್ನು ಹತ್ತಿಕ್ಕಿದರು. ಆದರೆ ಅದರ ಉದ್ದೇಶವನ್ನು ದಕ್ಷಿಣದ ರಾಜ್ಯಗಳು ಮುಂದೆ ಮತದಾನ ತೆರಿಗೆ, ಸಾಕ್ಷರತಾ ಪರೀಕ್ಷೆಗಳ ಮೂಲಕ ಶಾಸನಬದ್ಧವಾಗಿಯೇ ಈಡೇರಿಸಿಕೊಂಡವು.

1915ರಲ್ಲಿ ಜಾರ್ಜಿಯಾದ ಸ್ಟೋನ್ ಮೌಂಟನ್ ಬೆಟ್ಟದ ಮೇಲೆ ವಿಲಿಯಂ ಸಿಮನ್ಸ್ ಆರಂಭಿಸಿದ ಎರಡನೆಯ ಕ್ಲಾನ್, ನನ್ನ ದೃಷ್ಟಿಯಲ್ಲಿ, ಹೆಚ್ಚು ಗಮನಾರ್ಹವಾದುದು. ಕಪ್ಪು ಜನರ ಜೊತೆಗೆ ಕ್ಯಾಥೊಲಿಕರು, ಯೆಹೂದಿಗಳು ಮತ್ತು ವಲಸಿಗರನ್ನೂ ಶತ್ರುಗಳೆಂದು ಸಾರಿದ ಅದು, ಸದಸ್ಯತ್ವ ಶುಲ್ಕದಲ್ಲಿ ಪ್ರಚಾರಕರಿಗೆ ಪಾಲು ಕೊಡುತ್ತ (ಇದನ್ನು ವ್ಯಾಪಾರವೆಂದರೂ ತಪ್ಪಾಗದು), ಉತ್ತರದ ಇಂಡಿಯಾನಾದಂಥ ರಾಜ್ಯಗಳಲ್ಲೂ ಬೇರೂರಿ ಲಕ್ಷಗಟ್ಟಲೆ ಸದಸ್ಯರನ್ನು ಸೇರಿಸಿಕೊಂಡಿತು. ನೈತಿಕತೆಯ ಕಾವಲುಗಾರನಂತೆ ಮೆರೆಯುತ್ತಿದ್ದ ಇಂಡಿಯಾನಾದ ನಾಯಕ ಡಿ. ಸಿ. ಸ್ಟೀಫನ್‌ಸನ್ 1925ರಲ್ಲಿ ಯುವತಿಯೊಬ್ಬಳ ಕೊಲೆಗಾಗಿ ಜೈಲು ಸೇರಿದ ಮೇಲೆ ಅದರ ಬಲ ವೇಗವಾಗಿ ಕುಸಿಯಿತು.

ಮೂರನೆಯದು ನಾಗರಿಕ ಹಕ್ಕುಗಳ ಹೋರಾಟವನ್ನು ವಿರೋಧಿಸಿದ ಚಿಕ್ಕ ಚಿಕ್ಕ ಗುಂಪುಗಳ ರೂಪದಲ್ಲಿತ್ತು. 1963ರಲ್ಲಿ ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್‌ನ ಚರ್ಚಿನಲ್ಲಿ ಕ್ಲಾನ್ ಸದಸ್ಯರು ಇಟ್ಟ ಬಾಂಬಿಗೆ ನಾಲ್ವರು ಬಾಲಕಿಯರು ಬಲಿಯಾದರು. ಅಂಥದೊಂದು ಗುಂಪನ್ನು ಕೊನೆಗೆ ದಿವಾಳಿಯಾಗಿಸಿದ್ದು, ಅಲಬಾಮಾದಲ್ಲಿ ನಡೆದ ಹತ್ಯೆಯೊಂದಕ್ಕಾಗಿ 1987ರಲ್ಲಿ ಜ್ಯೂರಿ ವಿಧಿಸಿದ 70 ಲಕ್ಷ ಡಾಲರ್ ಪರಿಹಾರ.