ಬಹುಮಾನ ಬೇಡ, ಚೀಟಿ ತನ್ನಿ

ದಾವಣಗೆರೆಯ ಓದುಗರೊಬ್ಬರು ಕೇಳಿದ್ದಾರೆ: 'ನಮ್ಮ ಹಿರಿಯ ನಾಗರಿಕರ ಸಂಘದಲ್ಲಿ ಏಳೆಂಟು ಮಂದಿ ಮಂಕಾಗಿ ಕೂತಿರುತ್ತಾರೆ, ಕೆಲವರು ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಅವರಿಗಾಗಿ ವಾರಕ್ಕೊಮ್ಮೆ ಸುಡೊಕು, ರಸಪ್ರಶ್ನೆ ಇಟ್ಟು ಮೆದುಳಿಗೆ ವ್ಯಾಯಾಮ ಕೊಡಿಸುವ ಯೋಚನೆಯಿದೆ. ಬಹುಮಾನ ಇಟ್ಟರೆ ಹುರುಪು ಬರುತ್ತದಲ್ಲವೇ?'

ಉತ್ತರ: ಯೋಚನೆ ಒಳ್ಳೆಯದು, ಬಹುಮಾನ ಬೇಡ. ಇಳಿವಯಸ್ಸಿನ ಖಿನ್ನತೆಯಲ್ಲಿ ಗಮನ ಚದುರುತ್ತದೆ, ಯೋಚನೆ ನಿಧಾನವಾಗುತ್ತದೆ. ಉತ್ತರ ಗೊತ್ತಿದ್ದರೂ ಬಾಯಿಗೆ ಬರುವಷ್ಟರಲ್ಲಿ ಪಕ್ಕದವರು ಹೇಳಿ ಚಪ್ಪಾಳೆ ಗಿಟ್ಟಿಸಿರುತ್ತಾರೆ. 'ನನ್ನ ಕೈಲಿ ಇನ್ನೇನೂ ಆಗಲ್ಲ' ಎಂದು ಮೊದಲೇ ನಂಬಿದವರಿಗೆ ಅಷ್ಟು ಸಾಕು. ಮುಂದಿನ ವಾರ ಮಂಡಿನೋವು ಬಂದಿರುತ್ತದೆ!

ಸುಡೊಕು ಆಡಿದರೆ ಸುಡೊಕು ಚೆನ್ನಾಗಿ ಬರುತ್ತದೆ, ಅದಕ್ಕಿಂತ ಹೆಚ್ಚು ನಿರೀಕ್ಷಿಸಬೇಡಿ. ಅಮೆರಿಕದಲ್ಲಿ 65 ವರ್ಷ ದಾಟಿದ 2,832 ಮಂದಿಯನ್ನು ಸೇರಿಸಿ ನಡೆಸಿದ 'ಆ್ಯಕ್ಟಿವ್' ಅಧ್ಯಯನದಲ್ಲಿ (ಮೊದಲ ವರದಿ 2002) ಚಿಕ್ಕ ಗುಂಪುಗಳಿಗೆ ಹತ್ತು ಪಾಠ ಕೊಟ್ಟರು. ನೆನಪಿನ ಪಾಠ ಕಲಿತವರಿಗೆ ನೆನಪು, ತರ್ಕ ಕಲಿತವರಿಗೆ ತರ್ಕ ಸುಧಾರಿಸಿತು, ಒಂದರ ಲಾಭ ಇನ್ನೊಂದಕ್ಕೆ ದಾಟಲಿಲ್ಲ. ಅವರು ಖಿನ್ನತೆಯ ರೋಗಿಗಳೆಂದು ಆರಿಸಿದವರಲ್ಲ ಎಂಬುದೂ ನೆನಪಿರಲಿ. ಹಾಗಾಗಿ ದಿನಬಳಕೆಗೆ ಬೇಕಾದದ್ದನ್ನೇ ಕಲಿಸಿ.

ಉದಾಹರಣೆಗೆ ಒಂದು ಚೀಟಿ: ಮೆಂತ್ಯ, ಬಿ.ಪಿ. ಮಾತ್ರೆ, ಕರಿಬೇವು, ಜೀರಿಗೆ, ಮುಲಾಮು, ನಿಂಬೆಹಣ್ಣು. ಉರು ಹೊಡೆಸಬೇಡಿ. ದಿನಸಿ ಅಂಗಡಿಯದ್ದೆಷ್ಟು, ಮೆಡಿಕಲ್ ಶಾಪಿನದ್ದೆಷ್ಟು, ತರಕಾರಿಯವಳ ಹತ್ತಿರದ್ದೆಷ್ಟು ಎಂದು ಇಬ್ಬಿಬ್ಬರು ಸೇರಿ ವಿಂಗಡಿಸಲಿ. ಆಮೇಲೆ ಚೀಟಿ ಮುಚ್ಚಿ, ಒಬ್ಬರು ಬಿಟ್ಟದ್ದನ್ನು ಜೊತೆಯವರು ಹೇಳಲಿ. ಗಡಿಯಾರ ನೋಡಬೇಡಿ. ಮನೆಗೆ ಹೋಗಿ ಇದೇ ಉಪಾಯದಲ್ಲಿ ಒಂದು ಸಲ ಸಾಮಾನು ತರಲಿ, ಏನಾಯಿತೆಂದು ಮುಂದಿನ ಸಲ ಹೇಳಲಿ.

ಗುಂಪಿಗೆ ನಾಲ್ಕೈದು ಜನ ಸಾಕು, ಆಗುವುದಾದರೆ ವಾರಕ್ಕೆರಡು ಸಲ ಸೇರಿ. ಕನ್ನಡಕ, ಕಿವಿಯ ಮೆಷಿನ್ ಮರೆತು ಬಂದವರನ್ನು ಮೊದಲು ವಿಚಾರಿಸಿ. ಎಷ್ಟೋ 'ಮರೆವು' ಸರಿಯಾಗಿ ಕೇಳಿಸದ್ದರಿಂದ ಬಂದದ್ದು. ಕೊನೆಯಲ್ಲಿ ಕೂತು ಚಹಾ ಕುಡಿಯುವಾಗ ಅವಸರ ಮಾಡಬೇಡಿ. ಒಂಟಿಯಾಗಿರುವವರು ಅದಕ್ಕಾಗಿಯೇ ಬಂದರೂ ನಮ್ಮ ತಕರಾರಿಲ್ಲ.

ಇದು ಚಿಕಿತ್ಸೆಯ ಜೊತೆಗಿರಬೇಕಾದದ್ದು, ಅದರ ಬದಲಿಗಲ್ಲ. ಕ್ಲಾಸಿಗೆ ಬರುತ್ತಿದ್ದೇನೆಂದು ಯಾರೂ ಮಾತ್ರೆ ನಿಲ್ಲಿಸದಂತೆ ನೋಡಿಕೊಳ್ಳಿ. ವೈದ್ಯರಿಗೆ ತೋರಿಸದೆ ಮಂಕಾಗಿರುವವರನ್ನು ಮೊದಲು ಅಲ್ಲಿಗೆ ಕಳಿಸಿ; ಥೈರಾಯ್ಡ್ ತೊಂದರೆಯಿಂದಲೂ ವಿಟಮಿನ್ ಬಿ12 ಕೊರತೆಯಿಂದಲೂ ಹೀಗಾಗಬಹುದು. 'ನಾನಿದ್ದು ಯಾರಿಗೇನು ಪ್ರಯೋಜನ' ಎಂದು ಯಾರಾದರೂ ಅಂದರೆ ನಕ್ಕು ಹಗುರ ಮಾಡಬೇಡಿ. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಿ, ಹೌದೆಂದರೆ ಒಬ್ಬರನ್ನೇ ಬಿಡದೆ ಅಂದೇ ಮನೆಯವರಿಗೂ ವೈದ್ಯರಿಗೂ ತಿಳಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲಿರುಳೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

– ಸಂ.